ಕಟ್ಟಡದ ಸಾಮಗ್ರಿ ವೇಳೆಗೆ ಬರುವುದೆಂತು?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಕೇಳಿಯೇ ಇರುವರು. ಎರಡೂ ಹಣವನ್ನು ನುಂಗುವ ಕಾರ್ಯಗಳೆಂಬುದೇ ಇದರ ಅರ್ಥವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಆದರೆ ಇವೆರಡಕ್ಕೂ ಇನ್ನೊಂದು ಹೋಲಿಕೆಯಿದೆ. ಎರಡರಲ್ಲಿಯೂ ನೂರಾರು ಸಾಮಗ್ರಿಗಳು ಹತ್ತಾರು ಕಡೆಗಳಿಂದ ಬರಬೇಕು. ಬಂದರಷ್ಟೇ ಸಾಲದು, ತಕ್ಕ ವೇಳೆಗೆ ಬರಬೇಕು. ಮದುವೆಮನೆಯ ಹಿರಿಯರು ಈ ಲೆಕ್ಕವನ್ನು ಹೇಗೆ ಮಾಡುತ್ತಿದ್ದರೆಂಬುದನ್ನು ನೆನೆಯಿರಿ. ಅವರು ಇಂದಿನಿಂದ ಮುಂದಕ್ಕೆ ಎಣಿಸುತ್ತಿರಲಿಲ್ಲ. ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಹಪ್ಪಳ ಸಂಡಿಗೆಗಳಿಗೆ ಬಿಸಿಲು ಬೇಕಾದುದರಿಂದ ಅವು ತಿಂಗಳುಗಳ ಮೊದಲೇ ಸಿದ್ಧವಾಗಬೇಕು. ಬಟ್ಟೆಬರೆ ವಾರಗಳ ಮೊದಲು. ತರಕಾರಿ ಹಿಂದಿನ ದಿನ. ಹೂವು ಅಂದಿನ ಮುಂಜಾನೆ. ಹೂವನ್ನು ತಿಂಗಳ ಮೊದಲೇ ತಂದಿಟ್ಟವನೂ, ಹಪ್ಪಳವನ್ನು ಹಿಂದಿನ ದಿನ ಒಣಹಾಕಲು ಹೊರಟವನೂ ಸಮಾನವಾಗಿ ನಗೆಗೀಡಾಗುವರು.

ಕಟ್ಟಡದ ಕೆಲಸದಲ್ಲಿ ಇಂಥ ತಪ್ಪುಗಳು ದಿನವೂ ನಡೆಯುತ್ತಿವೆ. ಆದರೆ ಅಲ್ಲಿ ಯಾರೂ ನಗುವುದಿಲ್ಲ. ಕಂಬಿ ಬಾರದೆ ಕೂಲಿಗಾರರು ಕೈಕಟ್ಟಿ ಕುಳಿತಿರುವರು. ಬೇಡದ ವೇಳೆಯಲ್ಲಿ ಬಂದ ಸಿಮೆಂಟು ಮಳೆಯಲ್ಲಿ ನೆನೆಯುತ್ತಿರುವುದು. ಇದಕ್ಕೆ ಪರಿಹಾರವೆಂದು ಈಗ ವ್ಯವಹಾರ ನಿರ್ವಹಣೆಯ ತಂತ್ರಾಂಶಗಳು ಬಳಕೆಗೆ ಬಂದಿವೆ. ಗಣಕಯಂತ್ರವೊಂದನ್ನು ಕೊಂಡು ತಂದರೆ ಜಲ್ಲಿಯ ಲಾರಿ ತಾನಾಗಿಯೇ ಬಂದು ನಿಲ್ಲುವುದೆಂದು ನಂಬುವವರೂ ಉಂಟು. ಇದೆಲ್ಲ ದೊಡ್ಡ ನಗರಗಳ ಆಡಂಬರ, ಮೇಸ್ತ್ರಿಯ ತಲೆಯೊಂದಿದ್ದರೆ ಸಾಕು ಎನ್ನುವವರೂ ಉಂಟು. ಇಬ್ಬರೂ ಅರ್ಧ ಸತ್ಯವನ್ನಷ್ಟೇ ಹೇಳುತ್ತಿರುವರೆಂಬುದು ನಮ್ಮ ಅಭಿಪ್ರಾಯ. ತಂತ್ರಾಂಶವು ಬಹು ಉಪಯುಕ್ತವಾದ ಸಾಧನ, ಸಣ್ಣ ಕಟ್ಟಡಕ್ಕೂ ಅದು ಬೇಕು. ಆದರೆ ಅದರ ಬಲವೆಲ್ಲ ಅದಕ್ಕೆ ನಾವು ಹೇಳುವ ಸತ್ಯದಲ್ಲಿದೆ.

ಮೊದಲು ಒಂದು ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಒಂದು ವಿದ್ಯಾರ್ಥಿನಿಲಯ ಕಟ್ಟಲ್ಪಡುತ್ತಿದೆಯೆಂದು ಭಾವಿಸೋಣ. ಮುಂಗಾರು ಮಳೆ ಹಿಡಿಯುವ ಮುನ್ನ, ಮೇ 25ರಂದು, ಅದರ ಚಾವಣಿಗೆ ಕಾಂಕ್ರೀಟು ಹಾಕಬೇಕು. ಮೇಸ್ತ್ರಿಗಳ ಮಾತಿನಲ್ಲಿ ಹೇಳುವುದಾದರೆ ಅಂದು ಮೋಲ್ಡ್ ಹಾಕಬೇಕು. ಚಾವಣಿಯ ವಿಸ್ತೀರ್ಣ 200 ಚದರ ಮೀಟರು, ದಪ್ಪ 15 ಸೆಂಟಿಮೀಟರು. ಆದುದರಿಂದ ಬೇಕಾಗುವ ಕಾಂಕ್ರೀಟು 30 ಘನ ಮೀಟರು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು ಹಿಡಿಯುವುದರಿಂದ, ಒಟ್ಟು 240 ಮೂಟೆ, ಅಂದರೆ 12 ಟನ್ ಸಿಮೆಂಟು ಬೇಕು.

ಇನ್ನು ಹಿಂದಕ್ಕೆ ಎಣಿಸೋಣ. ಕಂಬಿ ಕಟ್ಟುವುದಕ್ಕೆ ನಾಲ್ಕು ದಿನ: ಮೇ 21ರಿಂದ 24. ಅದಕ್ಕೆ ಮುಂಚೆ ಕಂಬಿಯನ್ನು ಕತ್ತರಿಸಿ ಬಗ್ಗಿಸುವುದಕ್ಕೆ ಮೂರು ದಿನ: 18ರಿಂದ 20. ಎಂದರೆ 17ರ ಸಂಜೆಗೆ ಕಂಬಿ ಸ್ಥಳದಲ್ಲಿರಬೇಕು. ಅಂಗಡಿಗೆ ಹೇಳಿದ ಹತ್ತು ದಿನಕ್ಕೆ ಕಂಬಿ ಬರುವುದಾದರೆ ಮೇ 7ರಂದೇ ಹೇಳಬೇಕು. ಸಿಮೆಂಟು 24ರಂದು ಬಂದರೆ ಸಾಕು. ಅದಕ್ಕೆ ನಾಲ್ಕು ದಿನದ ಅವಧಿ ಬೇಕಾದರೆ 20ರಂದು ಹೇಳಬಹುದು. ಸೆಂಟ್ರಿಂಗ್ ಹಲಗೆಗಳನ್ನೂ ಆನಿಕೆ ಕಂಬಗಳನ್ನೂ 15ರಿಂದ ಆರು ದಿನ ಜೋಡಿಸಬೇಕಾದುದರಿಂದ ಅವು 14ಕ್ಕೆ ಬಂದಿರಬೇಕು. ಬಾಡಿಗೆಗೆ ಕೊಡುವವನು ಹದಿನೈದು ದಿನ ಮೊದಲು ಹೇಳಬೇಕೆನ್ನುವುದಾದರೆ ಏಪ್ರಿಲ್ 29ಕ್ಕೇ ಹೇಳಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ತೂಕದ ಜಲ್ಲಿ ಮರಳುಗಳಿಗಿಂತಲೂ, ಎಲ್ಲಕ್ಕಿಂತ ಹೆಚ್ಚು ಮಾತಿಗೆ ಬರುವ ಸಿಮೆಂಟಿಗಿಂತಲೂ ಮೊದಲು ಹೇಳಬೇಕಾದುದು, ಕಟ್ಟಡದಲ್ಲಿ ಉಳಿಯದೆ ಹಿಂದಿರುಗಿ ಹೋಗುವ ಹಲಗೆಗಳಿಗೆ! ಹಿಂದಕ್ಕೆ ಎಣಿಸದವನಿಗೆ ಇದು ಹೊಳೆಯುವುದೇ ಇಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಾವಣಿಯೊಳಗೆ ವಿದ್ಯುತ್ ತಂತಿ ಹಾಯುವ ಪೈಪುಗಳನ್ನೂ ಬೀಸಣಿಗೆ ತೂಗುಹಾಕುವ ಫ್ಯಾನ್ ಬಾಕ್ಸುಗಳನ್ನೂ ಕಾಂಕ್ರೀಟಿಗೆ ಮುಂಚೆಯೇ ಇಡಬೇಕು. ಕಂಬಿಗಳನ್ನು ಬಿಗಿಯಲು ಕಟ್ಟುತಂತಿ ಬೇಕು. ಕಂಬಿಯು ಹಲಗೆಗೆ ತಾಗದಂತೆ ಎತ್ತಿ ಹಿಡಿಯಲು ಕವರ್ ಬ್ಲಾಕುಗಳು ಬೇಕು. ಇವುಗಳ ಬೆಲೆ ಇಡೀ ಚಾವಣಿಯ ವೆಚ್ಚದಲ್ಲಿ ಅತ್ಯಲ್ಪ. ಆದರೆ ಇವುಗಳಲ್ಲಿ ಒಂದು ಮರೆತುಹೋದರೂ ಹನ್ನೆರಡು ಟನ್ ಸಿಮೆಂಟು ಸುಮ್ಮನೆ ಕಾದು ಕೂರಬೇಕು. ಉಪ್ಪು ಅಗ್ಗವೆಂದು ಅಡಿಗೆ ಅದಕ್ಕಾಗಿ ಕಾಯದಿರುವುದೆ?

ತಡವಾಗಿ ಬರುವುದು ದೋಷವಾದರೆ, ಎಲ್ಲವನ್ನೂ ಮೊದಲೇ ತಂದು ರಾಶಿ ಹಾಕಬಾರದೇಕೆ ಎಂದು ಕೆಲವರು ಕೇಳಬಹುದು. ಇಲ್ಲಿ ರಸಾಯನಶಾಸ್ತ್ರ ಅಡ್ಡ ಬರುವುದು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ನೀರಿನೊಡನೆ ಸಂಯೋಗ ಹೊಂದುವುದರಿಂದ. ಮೂಟೆಯಲ್ಲಿರುವಾಗಲೇ ಅದು ಗಾಳಿಯ ತೇವವನ್ನು ಹೀರಿ ಈ ಕ್ರಿಯೆಯನ್ನು ಅಲ್ಪಸ್ವಲ್ಪವಾಗಿ ಆರಂಭಿಸಿಬಿಡುವುದು. ದಿನ ಕಳೆದಂತೆ ಅದರ ಬಲ ಕುಗ್ಗುವುದು. ಮೂರು ತಿಂಗಳು ಮೀರಿದ ಸಿಮೆಂಟನ್ನು ಮತ್ತೆ ಪರೀಕ್ಷಿಸದೆ ಬಳಸಬಾರದೆಂಬುದು ಅದಕ್ಕಾಗಿಯೇ. ಕಾರ್ಖಾನೆಯಲ್ಲಿಯೇ ಕಲಸಿ ತಿರುಗುವ ಪೀಪಾಯಿಯ ಲಾರಿಗಳಲ್ಲಿ ತರುವ ಸಿದ್ಧ ಕಾಂಕ್ರೀಟಿನ ಗಡುವಂತೂ ದಿನಗಳದ್ದಲ್ಲ, ಗಂಟೆಗಳದ್ದು. ಲಾರಿಗೆ ತುಂಬಿದ ಎರಡು ಗಂಟೆಗಳೊಳಗೆ ಅದನ್ನು ಲಾರಿಯಿಂದ ಇಳಿಸಬೇಕೆಂದು ಭಾರತೀಯ ಮಾನಕವು ಸಾಮಾನ್ಯವಾಗಿ ವಿಧಿಸುತ್ತದೆ; ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕವನ್ನು ಬೆರೆಸಿದಾಗ ಈ ಅವಧಿಯನ್ನು ವಿಸ್ತರಿಸಬಹುದು. ಬೆಂಗಳೂರಿನಂಥ ನಗರದ ವಾಹನಸಂದಣಿಯಲ್ಲಿ, ಭಾರಿ ವಾಹನಗಳಿಗೆ ದಿನದ ಕೆಲವು ಹೊತ್ತು ಪ್ರವೇಶವೇ ಇಲ್ಲದಿರುವಾಗ, ಈ ಎರಡು ಗಂಟೆಗಳ ಬೆಲೆ ಏನೆಂಬುದನ್ನು ಊಹಿಸಬಹುದು. ಹೀಗೆ ಕಟ್ಟಡದ ಗಡುವಿಗೆ ಎರಡು ಅಂಚುಗಳುಂಟು: ತಡವೂ ಕೂಡದು, ಅವಸರವೂ ಕೂಡದು.

ಗಣಕಯಂತ್ರವಿಲ್ಲದೆ ಈ ಲೆಕ್ಕವನ್ನು ನಡೆಸುವುದು ಸಾಧ್ಯವೇ ಇಲ್ಲವೆಂದು ಹೇಳಲಾಗದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವೇ ಅದಕ್ಕೆ ಸಾಕ್ಷಿ. 102 ಅಂತಸ್ತುಗಳ ಆ ಕಟ್ಟಡದ ಕೆಲಸ 1930ರ ಮಾರ್ಚ್ 17ರಂದು ಆರಂಭವಾಗಿ, 1931ರ ಮೇ 1ರಂದು ಅದರ ಉದ್ಘಾಟನೆಯಾಯಿತು; ಹಿಡಿದುದು 410 ದಿನ. ಸುಮಾರು 57,000 ಟನ್ ಉಕ್ಕು, ಒಂದು ಕೋಟಿ ಇಟ್ಟಿಗೆ ಅದರಲ್ಲಿ ಸೇರಿವೆ. ಆದರೆ ನಗರದ ನಡುವಣ ಆ ನಿವೇಶನದಲ್ಲಿ ಇವನ್ನು ರಾಶಿ ಹಾಕಲು ಸ್ಥಳವೇ ಇರಲಿಲ್ಲ. ಉಕ್ಕು ಪಿಟ್ಸ್‌ಬರ್ಗ್ ಪ್ರಾಂತದಲ್ಲಿ ಸಿದ್ಧವಾಗಿ, ನ್ಯೂಜೆರ್ಸಿಯ ಸಂಗ್ರಹಾಂಗಣಕ್ಕೆ ಬಂದು, ಬೇಕಾದಾಗ ಮಾತ್ರ ನದಿಯನ್ನು ದಾಟಿ ಬರುತ್ತಿತ್ತು. ಪ್ರತಿ ತೊಲೆಯ ಮೇಲೂ ಅದು ಸೇರಬೇಕಾದ ಸ್ಥಾನದ ಗುರುತನ್ನು ಬರೆದಿರುತ್ತಿದ್ದರು. ಪ್ರತಿದಿನವೂ ಯಾವ ಲಾರಿ ಯಾವ ಸಾಮಾನು ತರುವುದು, ಅದು ಎಲ್ಲಿಗೆ ಹೋಗಬೇಕು ಎಂಬ ವೇಳಾಪಟ್ಟಿ ಸಿದ್ಧವಾಗುತ್ತಿತ್ತು. ಇಟ್ಟಿಗೆಗಳು ಬೀದಿಯಲ್ಲಿ ನಿಲ್ಲದೆ ಜಾರುಗಾಲುವೆಯ ಮೂಲಕ ನೆಲಮಾಳಿಗೆಯ ತೊಟ್ಟಿಗೆ ಸುರಿದು, ಅಲ್ಲಿಂದ ಬಂಡಿಗಳಲ್ಲಿ ಮೇಲಿನ ಅಂತಸ್ತುಗಳಿಗೆ ಏರುತ್ತಿದ್ದವು. ಇದೆಲ್ಲವೂ ಕಾಗದ, ಪೆನ್ಸಿಲು, ದೂರವಾಣಿಗಳ ಬಲದಿಂದ ನಡೆದುದು. ಆದುದರಿಂದ ಕ್ರಮ ಮೊದಲು, ಯಂತ್ರ ಅನಂತರ ಎಂಬುದನ್ನು ಯಾರೂ ಮರೆಯಲಾಗದು.

ಹಾಗಾದರೆ ಯಂತ್ರದಿಂದ ಆದ ಲಾಭವೇನು? 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲ್ಲಿ ಎಂಬವರು ರಾಸಾಯನಿಕ ಸ್ಥಾವರಗಳ ನಿರ್ಮಾಣದ ಲೆಕ್ಕವನ್ನು ಯೂನಿವ್ಯಾಕ್ ಎಂಬ ಗಣಕಯಂತ್ರಕ್ಕೆ ಒಪ್ಪಿಸುವ ಕ್ರಮವನ್ನು ರೂಪಿಸಿದರು. ಯಾವ ಕೆಲಸ ಯಾವುದರ ಅನಂತರ ಆಗಬೇಕು, ಪ್ರತಿಯೊಂದಕ್ಕೂ ಎಷ್ಟು ದಿನ ಹಿಡಿಯುವುದು ಎಂಬುದನ್ನು ತಿಳಿಸಿದರೆ, ಆರಂಭದಿಂದ ಅಂತ್ಯದವರೆಗೆ ಅತಿ ದೀರ್ಘವಾದ ಸರಪಣಿ ಯಾವುದೆಂದು ಯಂತ್ರ ಕಂಡುಹಿಡಿಯುವುದು. ಇದೇ ನಿರ್ಣಾಯಕ ಪಥ. ಈ ಪಥದ ಮೇಲಿನ ಒಂದು ದಿನದ ತಡ ಇಡೀ ಕಟ್ಟಡಕ್ಕೆ ಒಂದು ದಿನದ ತಡ. ಪಥದಿಂದ ಹೊರಗಿರುವ ಕೆಲಸಗಳಿಗೆ ಸ್ವಲ್ಪ ಬಿಡುವು ಇರುವುದು. ಆ ಬಿಡುವು ಎಷ್ಟೆಂಬುದನ್ನೂ ಯಂತ್ರ ಹೇಳುವುದು.

ಮರುವರ್ಷ, 1958ರಲ್ಲಿ, ಅಮೆರಿಕದ ನೌಕಾದಳದ ಪೊಲಾರಿಸ್ ಕ್ಷಿಪಣಿಯ ಯೋಜನೆಗಾಗಿ ಪರ್ಟ್ ಎಂಬ ಇನ್ನೊಂದು ಕ್ರಮ ಹುಟ್ಟಿತು. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದಲ್ಲ, ಮೂರು ಅಂದಾಜುಗಳನ್ನು ಕೇಳುವರು: ಎಲ್ಲವೂ ಸುಗಮವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು ದಿನ, ಎಲ್ಲವೂ ಕೆಟ್ಟರೆ ಎಷ್ಟು ದಿನ. ನಮ್ಮ ಕಂಬಿಗೆ ಈ ಸಂಖ್ಯೆಗಳು 7, 9, 17 ಎಂದಿಟ್ಟುಕೊಳ್ಳಿ. ನಡುವಣ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು: 7, 36, 17 ಸೇರಿ 60, ಆರರಿಂದ ಭಾಗಿಸಿದರೆ 10. ನಾವು ಮೇಲೆ ಹತ್ತು ದಿನವೆಂದುದು ಹೀಗೆಯೇ. ಅಂಗಡಿಯವನು “ಒಂಬತ್ತು ದಿನ ಸ್ವಾಮಿ” ಎಂದುದನ್ನು ಹಾಗೆಯೇ ನಂಬದೆ, ಕೆಟ್ಟ ಕಾಲಕ್ಕೂ ಒಂದು ತೂಕವನ್ನು ಕೊಡುವ ಬುದ್ಧಿ ಇದರಲ್ಲಿದೆ.

ಇತ್ತ ಕಾರ್ಖಾನೆಗಳಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. 1960ರ ದಶಕದಲ್ಲಿ ಐಬಿಎಮ್ ಸಂಸ್ಥೆಯ ಜೋಸೆಫ್ ಆರ್ಲಿಕಿ ಮೊದಲಾದವರು ಸಾಮಗ್ರಿಗಳ ಅಗತ್ಯವನ್ನು ಗಣಕಯಂತ್ರದಿಂದ ಎಣಿಸುವ ಕ್ರಮವನ್ನು ಬೆಳೆಸಿದರು. ಸಿದ್ಧವಸ್ತು ಎಂದಿಗೆ ಬೇಕು, ಅದರಲ್ಲಿ ಯಾವ ಭಾಗಗಳು ಎಷ್ಟೆಷ್ಟು, ಉಗ್ರಾಣದಲ್ಲಿ ಇರುವುದೆಷ್ಟು, ಹೊರಗಿನಿಂದ ಬರಲು ಎಷ್ಟು ದಿನ: ಈ ನಾಲ್ಕನ್ನು ಅರಿತರೆ, ಏನನ್ನು ಎಂದು ತರಿಸಬೇಕೆಂಬುದು ಗೊತ್ತಾಗುವುದು. ಮುಂದೆ ಇದಕ್ಕೆ ಹಣಕಾಸು, ಸಂಬಳ, ಮಾರಾಟಗಳ ಲೆಕ್ಕಗಳೂ ಸೇರಿಕೊಂಡವು. 1990ರಲ್ಲಿ ಗಾರ್ಟ್ನರ್ ಸಂಸ್ಥೆಯು ಈ ಕೂಡುಲೆಕ್ಕಕ್ಕೆ ಈಆರ್‌ಪಿ ಎಂಬ ಹೆಸರನ್ನಿಟ್ಟಿತು. ಇಂದು ವ್ಯವಹಾರ ನಿರ್ವಹಣೆಯ ತಂತ್ರಾಂಶವೆಂದು ಕರೆಯಲ್ಪಡುವುದು ಬಹುಮಟ್ಟಿಗೆ ಇದೇ.

ಇಲ್ಲಿ ನಮ್ಮ ಮೊದಲನೆಯ ಆಕ್ಷೇಪವನ್ನು ಹೇಳಬೇಕಾಗಿದೆ. ಕಾರ್ಖಾನೆ ಒಂದೇ ಕಡೆ ನಿಂತಿದೆ, ಸೂರಿನಡಿ ಇದೆ, ಅದೇ ವಸ್ತುವನ್ನು ಮತ್ತೆ ಮತ್ತೆ ಮಾಡುತ್ತದೆ. ಕಟ್ಟಡವಾದರೋ ಪ್ರತಿ ಸಲವೂ ಹೊಸ ನೆಲದ ಮೇಲೆ, ತೆರೆದ ಆಕಾಶದಡಿಯಲ್ಲಿ ಏಳುವುದು. ಅಲ್ಲಿ ದಿನಾಂಕಗಳು ದಿನವೂ ಬದಲಾಗುವುವು. ಆದರೆ ಅನೇಕ ಕಡೆ ಉಗ್ರಾಣದ ಲೆಕ್ಕ ಒಂದು ತಂತ್ರಾಂಶದಲ್ಲಿ, ಕೆಲಸದ ವೇಳಾಪಟ್ಟಿ ಇನ್ನೊಂದರಲ್ಲಿ ಇರುವುದನ್ನು ಕಾಣುತ್ತೇವೆ. ಮೂರು ದಿನ ಕಂಬಿ ತಡವಾಗಿ, ಚಾವಣಿ 25ರಿಂದ 28ಕ್ಕೆ ಸರಿಯಿತೆಂದು ವೇಳಾಪಟ್ಟಿಗೆ ಗೊತ್ತು. ಉಗ್ರಾಣದ ಲೆಕ್ಕಕ್ಕೆ ಗೊತ್ತಿಲ್ಲ. ಆದುದರಿಂದ ಸಿಮೆಂಟು 24ಕ್ಕೇ ಬಂದಿಳಿಯುವುದು, ಗಾರೆಯಾಳುಗಳು 25ಕ್ಕೇ ಬರುವರು, ಕಲಸುವ ಯಂತ್ರದ ಬಾಡಿಗೆ ಅಂದಿನಿಂದಲೇ ಏರುವುದು. ಎರಡು ಲೆಕ್ಕಗಳನ್ನೂ ಒಂದಾಗಿ ಬೆಸೆದರೆ, ಕಂಬಿಯ ತಡ ದಾಖಲಾದ ಕ್ಷಣವೇ ಉಳಿದ ಇಪ್ಪತ್ತು ದಿನಾಂಕಗಳೂ ಸರಿಯುವುವು. ಯಾರಿಗೆ ಹೇಳಬೇಕೋ ಅವರಿಗೆ ಸುದ್ದಿ ಹೋಗುವುದು. ಮೇಸ್ತ್ರಿಯ ತಲೆಗೂ ಯಂತ್ರಕ್ಕೂ ಇರುವ ಭೇದ ಇಲ್ಲಿದೆ. ಅನುಭವಿಯಾದ ಮೇಸ್ತ್ರಿ ಒಂದು ಸಲ ಲೆಕ್ಕ ಹಾಕುವುದರಲ್ಲಿ ಯಂತ್ರಕ್ಕೆ ಸೋಲಬೇಕಾಗಿಲ್ಲ. ಆದರೆ ದಿನಕ್ಕೆ ಮೂರು ಸಲ ಎಲ್ಲವನ್ನೂ ಮೊದಲಿನಿಂದ ಎಣಿಸುವ ತಾಳ್ಮೆ ಮನುಷ್ಯನಿಗಿಲ್ಲ, ಯಂತ್ರಕ್ಕಿದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸವನ್ನು ಬಿಡಿಸುವುದೇ ಅದರ ಮುಖ್ಯ ಪ್ರಯೋಜನ.

ಎರಡನೆಯದು, ಯಂತ್ರಕ್ಕೆ ಕಣ್ಣಿಲ್ಲ. ಇನ್ನೂರ ನಲವತ್ತು ಮೂಟೆ ಬಂದಿತೆಂದು ಬರೆದರೆ, ಇನ್ನೂರೇ ಬಂದಿದ್ದರೂ ಅದು ನಂಬುವುದು. ಲಾರಿ ಬಾಗಿಲಲ್ಲಿ ನಿಂತಾಗಲೇ ಎಣಿಸಿ, ಅಲ್ಲಿಯೇ ದಾಖಲು ಮಾಡುವವನೊಬ್ಬನು ಇಲ್ಲದಿದ್ದರೆ, ಲಕ್ಷಗಟ್ಟಲೆ ಬೆಲೆಯ ತಂತ್ರಾಂಶವೂ ಚೆಂದದ ಕ್ಯಾಲೆಂಡರಿನಂತೆ ಗೋಡೆಗಷ್ಟೇ ಭೂಷಣ. ಉಗ್ರಾಣದ ಗುಮಾಸ್ತನ ಕೆಲಸವನ್ನು ಕೀಳೆಂದು ಎಣಿಸುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುವುದು. ಇಡೀ ಲೆಕ್ಕ ನಿಂತಿರುವುದು ಆತನ ಪೆನ್ನಿನ ತುದಿಯ ಮೇಲೆ.

ಮೂರನೆಯದು ಇನ್ನೂ ಸೂಕ್ಷ್ಮವಾದುದು. ಸಾಮಾನು 24ಕ್ಕೆ ಬೇಕಾದಾಗ “20ಕ್ಕೇ ಬೇಕು” ಎಂದು ಅಂಗಡಿಗೆ ಹೇಳುವ ಜಾಣತನ ನಮ್ಮಲ್ಲಿ ಬಹಳ. ಅಂಗಡಿಯವನೂ ಜಾಣನೇ, 20 ಎಂದರೆ 24 ಎಂದು ಆತನು ಕಲಿತುಕೊಳ್ಳುವನು. ಮುಂದೊಮ್ಮೆ ನಿಜವಾಗಿ 20ಕ್ಕೇ ಬೇಕಾದಾಗ ನಂಬುವವರಿಲ್ಲ. ತೋಳ ಬಂತೆಂದು ಕೂಗಿದ ಹುಡುಗನ ಪಾಡು ನಮ್ಮದಾಗುವುದು. ಹಿಂದಿನ ಬಾಕಿಯನ್ನು ತೀರಿಸದೆ ಮುಂದಿನ ಲಾರಿಗೆ ಕರೆಕಳುಹಿಸುವುದೂ ಇದೇ ಜಾತಿಯ ಸುಳ್ಳು. ಸಾಮಗ್ರಿಯ ತಡವೆಂದು ಕಾಣುವುದು ಎಷ್ಟೋ ಸಲ ಹಣದ ತಡವಾಗಿರುವುದು. ಹಣಕಾಸಿನ ಲೆಕ್ಕವೂ ಸಾಮಗ್ರಿಯ ಲೆಕ್ಕವೂ ಒಂದೇ ತಂತ್ರಾಂಶದಲ್ಲಿದ್ದರೆ ಈ ಸತ್ಯವನ್ನು ಮುಚ್ಚಿಡುವುದು ಕಷ್ಟ. ಕೆಲವರಿಗೆ ತಂತ್ರಾಂಶ ರುಚಿಸದಿರುವುದಕ್ಕೆ ಇದೇ ಕಾರಣವಿರಬಹುದೆಂದು ನಾವು ಸಂದೇಹಪಡುತ್ತೇವೆ.

ಇಷ್ಟಕ್ಕೂ ಮೂರು ನಾಲ್ಕು ದಿನ ತಡವಾದರೆ ಮುಳುಗಿಹೋಗುವುದೇನು ಎಂದು ಕೇಳುವವರಿಗೆ ನಮ್ಮ ಉತ್ತರ ಇದು. ತಡವಾದ ದಿನಗಳನ್ನು ಎಲ್ಲಿಂದಾದರೂ ಮರಳಿ ಪಡೆಯಬೇಕೆಂದು ಗುತ್ತಿಗೆದಾರನಿಗೆ ತೋರುವುದು ಸಹಜ. ಕಂಬಿ ತರುವವನ ದಿನಗಳು ಆತನ ಕೈಯಲ್ಲಿಲ್ಲ. ಮಳೆ ಆತನ ಕೈಯಲ್ಲಿಲ್ಲ. ಆತನ ಕೈಯಲ್ಲಿರುವುದು ಕಾಂಕ್ರೀಟಿಗೆ ನೀರುಣಿಸುವ ದಿನಗಳು ಮತ್ತು ಆನಿಕೆ ಬಿಚ್ಚುವ ದಿನಗಳು ಮಾತ್ರ. ಐಎಸ್ 456 ಎಂಬ ಭಾರತೀಯ ಮಾನಕದಂತೆ, ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಿನದನ್ನು ಕನಿಷ್ಠ 10 ದಿನ ತೇವವಾಗಿಟ್ಟಿರಬೇಕು. ಒಣ ಬಿಸಿಲಿನ ಹವೆಯಲ್ಲಿ ಇನ್ನೂ ಹೆಚ್ಚು ದಿನ. ನಾಲ್ಕೂವರೆ ಮೀಟರಿನವರೆಗಿನ ಹರವಿನ ಚಾವಣಿಯ ಆನಿಕೆಯನ್ನು 7 ದಿನ, ಅದಕ್ಕಿಂತ ಅಗಲವಾದುದರದನ್ನು 14 ದಿನ ತೆಗೆಯಬಾರದು. ಆರು ಮೀಟರಿಗೂ ಮೀರಿದ ತೊಲೆಗಳಿಗೆ 21 ದಿನ. ಈ ದಿನಗಳಲ್ಲಿ ಸ್ಥಳದಲ್ಲಿ ಏನೂ ನಡೆಯದಂತೆ ತೋರುವುದು. ಆದರೆ ಒಳಗೆ ಸಿಮೆಂಟಿನ ಕಣಗಳು ನೀರನ್ನು ಹಿಡಿದು ಹರಳುಗಟ್ಟುತ್ತ ಬಲವನ್ನು ಗಳಿಸುತ್ತಿರುವುವು. ಕಂಬಿಯ ತಡವನ್ನು ಈ ದಿನಗಳಿಂದ ಕದ್ದು ತುಂಬಿದರೆ, ಕಾಗದದ ಮೇಲಿನ ಗಡುವು ಉಳಿಯುವುದು, ಕಟ್ಟಡದ ಬಲ ಉಳಿಯದು. ಆ ಚಾವಣಿಯ ಕೆಳಗೆ ಮಲಗುವವರು ಹಳ್ಳಿಗಳಿಂದ ಓದಲು ಬಂದ ಮಕ್ಕಳು.

ಆದುದರಿಂದ ತಂತ್ರಾಂಶವನ್ನು ರೂಪಿಸುವವರಲ್ಲಿಯೂ ಬಳಸುವವರಲ್ಲಿಯೂ ನಮ್ಮ ಬೇಡಿಕೆ ಒಂದೇ. ನೀರುಣಿಸುವ ದಿನಗಳನ್ನೂ ಆನಿಕೆಯ ದಿನಗಳನ್ನೂ ಯಾರೂ ಕುಗ್ಗಿಸಲಾಗದಂತೆ ಲೆಕ್ಕದಲ್ಲಿ ಬೀಗ ಹಾಕಿರಿ. ಅಂಗಡಿಯ ದಿನಗಳನ್ನು ಬಾಯಿಮಾತಿನಿಂದಲ್ಲ, ಹಿಂದಿನ ಲಾರಿಗಳು ನಿಜವಾಗಿ ಬಂದ ದಿನಾಂಕಗಳಿಂದ ತೆಗೆದುಕೊಳ್ಳಿರಿ. ಗಡುವು ತಪ್ಪುವುದಾದರೆ ತಪ್ಪುವುದೆಂದು ಯಂತ್ರ ಹೇಳಲಿ. ಅದನ್ನು ಕೇಳುವ ಧೈರ್ಯ ನಮಗಿರಲಿ. ಹದಿನೈದು ದಿನ ಮೊದಲೇ ತಿಳಿದ ತಡವನ್ನು ಬೇರೆ ಅಂಗಡಿಯಿಂದಲೋ ಬೇರೆ ಕೆಲಸವನ್ನು ಮುಂದಕ್ಕೆ ತೆಗೆದುಕೊಂಡೋ ಸರಿಪಡಿಸಬಹುದು. ಅಂದಿನ ಮುಂಜಾನೆ ತಿಳಿದ ತಡಕ್ಕೆ ಉಪಾಯವಿಲ್ಲ. ಸಣ್ಣ ಗುತ್ತಿಗೆದಾರನಿಗೆ ದೊಡ್ಡ ತಂತ್ರಾಂಶ ಬೇಕಾಗಿಲ್ಲ. ಜಂಗಮವಾಣಿಯಲ್ಲಿಯೇ ನಡೆಯುವ ಒಂದು ಸರಳ ಕೋಷ್ಟಕದಿಂದ ಆತನು ಆರಂಭಿಸಬಹುದು.

ನಮ್ಮ ತರುಣ ವಾಚಕರಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗುವರು, ಕೆಲವರು ತಂತ್ರಾಂಶವನ್ನು ಬರೆಯುವರು, ಕೆಲವರು ಗುತ್ತಿಗೆಯ ಕೆಲಸವನ್ನೇ ಹಿಡಿಯಬಹುದು. ಅದಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಶಾಲಾ ವಾರ್ಷಿಕೋತ್ಸವವನ್ನೇ ತೆಗೆದುಕೊಳ್ಳಿರಿ. ಚಪ್ಪರ, ದೀಪ, ಧ್ವನಿವರ್ಧಕ, ಬಹುಮಾನದ ಪುಸ್ತಕ, ಆಮಂತ್ರಣ ಪತ್ರಿಕೆ: ಒಂದೊಂದಕ್ಕೂ ಎಷ್ಟು ದಿನ ಬೇಕೆಂದು ಮೂರು ಅಂದಾಜು ಬರೆದು, ಉತ್ಸವದ ಸಂಜೆಯಿಂದ ಹಿಂದಕ್ಕೆ ಎಣಿಸಿರಿ. ಉತ್ಸವ ಮುಗಿದ ಮೇಲೆ, ಪ್ರತಿಯೊಂದೂ ನಿಜವಾಗಿ ಬಂದ ದಿನವನ್ನು ಪಕ್ಕದಲ್ಲಿ ಬರೆದಿಡಿ. ಎರಡು ಸಾಲುಗಳ ನಡುವೆ ಎಷ್ಟು ಅಂತರವಿದೆಯೋ, ಮುಂದಿನ ವರ್ಷ ಅಷ್ಟನ್ನು ನೀವು ಕಲಿತಿರುವಿರಿ.